ಈ ವಾರ ಪ್ಲೇಯರಿನ ಮೇಲಿರುವ ಜಾಝ್ ರೆಕಾರ್ಡು, ಮತ್ತು ಹೊಸಬರು ಹಿಡಿಯಬೇಕಾದ ದಾರಿ

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಹುಬ್ಬಳ್ಳಿ-ಧಾರವಾಡದ ಕಡೆ ಜಾಝ್ ರೆಕಾರ್ಡು ಕೂಡಿಹಾಕುವವರು ಈಗ ಯಾವ ಆಲ್ಬಮ್ ಕೇಳುತ್ತಿದ್ದಾರೆ ಎಂಬುದು ಒಂದು. ಹಿಂದೂಸ್ತಾನಿಯನ್ನಷ್ಟೇ ಕೇಳಿ ಬೆಳೆದ ನಿಮ್ಮಂಥವರು ಎಲ್ಲಿಂದ ಶುರುಮಾಡಬೇಕು ಎಂಬುದು ಇನ್ನೊಂದು. ನಾನು ಧಾರವಾಡದ ಮಾಳಮಡ್ಡಿಯವನು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಅವರ ರೆಕಾರ್ಡುಗಳಿದ್ದ ಮನೆಯಲ್ಲಿ ಬೆಳೆದು, ವಯಸ್ಸು ಮೂವತ್ತು ದಾಟಿದ ಮೇಲೆ ಜಾಝ್ ಹುಚ್ಚು ಹಿಡಿಸಿಕೊಂಡೆ. ಈಗ ಕಪಾಟಿನಲ್ಲಿ ಸುಮಾರು 140 ಜಾಝ್ ಎಲ್‌ಪಿಗಳಿವೆ. ಇದೇನು ದೊಡ್ಡ ಸಂಗ್ರಹವಲ್ಲ, ಮುಂಬೈಯ ಸಂಗ್ರಾಹಕರು ಕೇಳಿದರೆ ನಕ್ಕಾರು.

ಈ ವಾರ ಪ್ಲೇಯರಿನ ಮೇಲಿರುವುದು ಪಿಯಾನೋವಾದಕ ಬಿಲ್ ಇವಾನ್ಸ್ ಅವರ ‘ವಾಲ್ಟ್ಸ್ ಫಾರ್ ಡೆಬಿ’. 1961ರ ಜೂನ್ 25ರ ರವಿವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಇವರ ತ್ರಿವಳಿ ಮಧ್ಯಾಹ್ನದಿಂದ ರಾತ್ರಿಯವರೆಗೆ ನುಡಿಸಿದ್ದನ್ನು ಧ್ವನಿಮುದ್ರಿಸಿಕೊಂಡು, ಅದರಿಂದ ಎರಡು ಆಲ್ಬಮ್ ತೆಗೆದರು, ಇದು ಎರಡನೆಯದು. ಡ್ರಮ್ಸ್ ಮೇಲೆ ಪಾಲ್ ಮೋಷನ್, ಬಾಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಮೇಲೆ ಸ್ಕಾಟ್ ಲಫಾರೊ. ಲಫಾರೊ ಆ ರವಿವಾರದಿಂದ ಹನ್ನೊಂದನೆಯ ದಿನ, ಜುಲೈ 6ರಂದು, ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 25 ವರ್ಷ. ಇದು ತಿಳಿದ ಮೇಲೆ ಆ ಬಾಸನ್ನು ಬಿಟ್ಟು ಬೇರೇನನ್ನೂ ಕೇಳಲಾಗದಂತಾಯಿತು ಎಂದರೆ ಅತಿಶಯವಲ್ಲ. ಸಾಮಾನ್ಯವಾಗಿ ಬಾಸ್ ಲಯವನ್ನು ಹೊತ್ತುಕೊಂಡು ಕೆಳಗೆ ನಡೆಯುತ್ತದೆ. ಇಲ್ಲಿ ಅದು ಹಾಗೆ ನಡೆಯಲು ಒಪ್ಪುವುದಿಲ್ಲ, ಪಿಯಾನೋ ಹೇಳಿದ ಮಾತನ್ನು ಹಿಡಿದು ಮರುಪ್ರಶ್ನೆ ಹಾಕುತ್ತದೆ. ಗಾಯಕರ ಬೆನ್ನಿಗೇ ನುಡಿಸುತ್ತಿದ್ದ ಹಾರ್ಮೋನಿಯಂನವರು ನಡುವೆ ಒಮ್ಮೆ ತಮ್ಮದೇ ಒಂದು ಜಾಗ ತೋರಿಸಿ, ಗಾಯಕರು ತಿರುಗಿ ನೋಡಿ ನಗುವಂಥ ಗಳಿಗೆ ನಮ್ಮ ಬೈಠಕ್ಕುಗಳಲ್ಲಿ ಬರುತ್ತದಲ್ಲ, ಅದು ಇಲ್ಲಿ ಉದ್ದಕ್ಕೂ ನಡೆದಿದೆ. ಶೀರ್ಷಿಕೆಯ ರಚನೆ ಡ್ರಮ್ಮಿಲ್ಲದೆ ಮೂರು ಮಾತ್ರೆಯಲ್ಲಿ ಮೆಲ್ಲಗೆ ಶುರುವಾಗಿ, ಆಮೇಲೆ ಡ್ರಮ್ಸ್ ಸೇರಿಕೊಳ್ಳುತ್ತಲೇ ನಾಲ್ಕು ಮಾತ್ರೆಗೆ ಹೊರಳುತ್ತದೆ. ಠುಮ್ರಿಯ ಕೊನೆಗೆ ಲಗ್ಗಿ, ಅಂದರೆ ತಬಲಾದ ಚುರುಕು ನಡೆ, ಬಂದಾಗ ಸಭೆ ಮೈಕೊಡವಿ ಕೂಡುವುದನ್ನು ಕಂಡವರಿಗೆ ಆ ಹೊರಳುವಿಕೆಯನ್ನು ವಿವರಿಸಬೇಕಿಲ್ಲ. ಇನ್ನೊಂದು ಸಂಗತಿ: ರೆಕಾರ್ಡಿನ ಉದ್ದಕ್ಕೂ ಗ್ಲಾಸುಗಳ ಸದ್ದು, ಮಾತು, ಯಾರದೋ ನಗು ಕೇಳಿಸುತ್ತದೆ. ನಮ್ಮೂರಿನ ಸಭೆಯಾಗಿದ್ದರೆ ಮುಂದಿನ ಸಾಲಿನ ಹಿರಿಯರು ಅವರನ್ನೆಲ್ಲ ಹೊರಗೆ ಕಳಿಸುತ್ತಿದ್ದರು.

ಇನ್ನು ಎಲ್ಲಿಂದ ಶುರುಮಾಡಬೇಕೆಂಬುದು. ಹಿಂದೂಸ್ತಾನಿ ಕಿವಿಯವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಸಿತಾರ್, ತಬಲಾ ಬೆರೆತ ಫ್ಯೂಜನ್‌ನಿಂದ ಹತ್ತಿರಿ, ಪರಿಚಿತ ಎನಿಸುತ್ತದೆ ಎಂದು. ನಾನು ಇದನ್ನು ಒಪ್ಪುವುದಿಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಜಾನ್ ಮೇಯರ್ ಮತ್ತು ಜಮೈಕಾದಲ್ಲಿ ಹುಟ್ಟಿದ ಜೋ ಹ್ಯಾರಿಯಟ್ ಕೂಡಿ ಮಾಡಿದ 1966ರ ‘ಇಂಡೋ-ಜಾಝ್ ಸ್ವೀಟ್’ ಇರಲಿ, ಜಾನ್ ಮೆಕ್‌ಲಾಫ್ಲಿನ್, ಝಾಕಿರ್ ಹುಸೇನ್ ಮೊದಲಾದವರ ‘ಶಕ್ತಿ’ ತಂಡ 1976ರಲ್ಲಿ ಹೊರತಂದ ಮೊದಲ ಆಲ್ಬಮ್ ಇರಲಿ, ಎರಡೂ ನನ್ನ ಬಳಿ ಇವೆ, ಎರಡನೆಯದು ನನಗೆ ಬಹಳ ಪ್ರಿಯ. ಆದರೆ ಅವನ್ನು ಮೊದಲೇ ಕೇಳಿದರೆ ನಮ್ಮ ಕಿವಿ ತನಗೆ ಗೊತ್ತಿದ್ದ ಅರ್ಧವನ್ನಷ್ಟೇ ಆರಿಸಿಕೊಂಡು, ತಬಲಾದ ಕಡೆ ತಲೆದೂಗಿ ಎದ್ದುಬರುತ್ತದೆ. ಜಾಝ್ ಅಲ್ಲೇ ಉಳಿಯುತ್ತದೆ. ನಮಗೂ ಅವರಿಗೂ ನಿಜವಾಗಿ ಸಮಾನವಾದದ್ದು ವಾದ್ಯವಲ್ಲ, ಆವರ್ತನ. ಒಂದು ನಿಶ್ಚಿತ ಉದ್ದದ ಚಕ್ರ ತಿರುಗುತ್ತಿರುತ್ತದೆ, ಅದರ ಮೇಲೆ ಕಲಾವಿದ ಆ ಕ್ಷಣಕ್ಕೆ ಹೊಳೆದದ್ದನ್ನು ಕಟ್ಟುತ್ತಾನೆ, ಕಟ್ಟಿ ಸರಿಯಾದ ಜಾಗಕ್ಕೆ ಬಂದು ಸೇರುತ್ತಾನೆ.

ಆದ್ದರಿಂದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ತೆಗೆದುಕೊಂಡು, ಮೊದಲ ರಚನೆ ‘ಸೋ ವಾಟ್’ ಹಚ್ಚಿ, ತೊಡೆಯ ಮೇಲೆ ಹದಿನಾರು ಮಾತ್ರೆಯ ತೀನ್‌ತಾಲ ಎಣಿಸಿರಿ. ಆರಂಭದಲ್ಲಿ ಪಿಯಾನೋ ಮತ್ತು ಬಾಸ್ ತಾಳವಿಲ್ಲದೆ ಆಲಾಪದಂತೆ ತಡಕಾಡುತ್ತವೆ. ಅಲ್ಲಿ ಎಣಿಕೆ ಶುರುಮಾಡಬೇಡಿ. ಆಮೇಲೆ ಬಾಸ್ ಮುಖಡಾ, ಅಂದರೆ ಮತ್ತೆ ಮತ್ತೆ ಬರುವ ಮೊದಲ ಸಾಲು, ಹಿಡಿಯುತ್ತದೆ, ಉಳಿದವರು ಪ್ರತಿ ಸಲವೂ ಎರಡೇ ಹೊಡೆತದಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಅಲ್ಲಿಂದ ಎಣಿಸಿದರೆ ಇಡೀ ಚಕ್ರ 32 ಬಾರುಗಳದ್ದು (ಬಾರ್ ಎಂದರೆ ಅವರ ಎಣಿಕೆಯ ಒಂದು ಖಂಡ), ಬಾರಿಗೆ ನಾಲ್ಕು ಮಾತ್ರೆ, ಅಂದರೆ 128 ಮಾತ್ರೆ, ಅಂದರೆ ತೀನ್‌ತಾಲದ ಎಂಟು ಆವರ್ತನ. ಸ್ವರಗಳು ನಮ್ಮ ಕಾಫಿ ಥಾಟಿನವೇ (ಥಾಟ್ ಎಂದರೆ ಸ್ವರಗಳ ಚೌಕಟ್ಟು). ಗಾಂಧಾರ, ನಿಷಾದ ಕೋಮಲ, ಉಳಿದವು ಶುದ್ಧ. ಮೊದಲ ನಾಲ್ಕು ಆವರ್ತನ ಷಡ್ಜ ಹಾರ್ಮೋನಿಯಂನ ಬಿಳಿ ಎರಡರಲ್ಲಿ, ಅಂದರೆ ಎರಡನೆಯ ಬಿಳಿ ಮನೆಯಲ್ಲಿ, ನಿಲ್ಲುತ್ತದೆ. ಐದನೆಯ ಆವರ್ತನದ ಮೊದಲ ಮಾತ್ರೆಯಾದ ಸಮ್‌ಗೆ ಸರಿಯಾಗಿ ಇಡೀ ಕಾಫಿ ಅರ್ಧ ಸ್ವರ ಮೇಲೇರಿ ಕಪ್ಪು ಎರಡಕ್ಕೆ ಹೋಗುತ್ತದೆ, ಎರಡು ಆವರ್ತನ ಅಲ್ಲಿದ್ದು, ಕೊನೆಯ ಎರಡಕ್ಕೆ ಮತ್ತೆ ಬಿಳಿ ಎರಡಕ್ಕೆ ಇಳಿಯುತ್ತದೆ. ಹಾಡಿನ ನಡುವೆ ಯಾರೋ ತಂಬೂರಿಯ ಶ್ರುತಿಯನ್ನೇ ಎತ್ತಿ ಕಟ್ಟಿದಂತೆ ನನಗೆ ಮೊದಲ ಸಲ ಬೆನ್ನು ಜುಮ್ಮೆಂದಿತ್ತು. ಈ ಚಕ್ರದ ಮೇಲೆ ಡೇವಿಸ್ ಎರಡು ಸುತ್ತು, ಜಾನ್ ಕೋಲ್ಟ್ರೇನ್ ಎರಡು, ಕ್ಯಾನನ್‌ಬಾಲ್ ಆಡರ್ಲಿ ಎರಡು, ಇದೇ ಬಿಲ್ ಇವಾನ್ಸ್ ಒಂದು ಸುತ್ತು ತಮ್ಮ ತಮ್ಮ ಮಾತು ಹೇಳುತ್ತಾರೆ. ಎಣಿಕೆ ತಪ್ಪಿದರೆ ಗಾಬರಿಯಾಗಬೇಡಿ, ಕಪ್ಪು ಎರಡಕ್ಕೆ ಹೋಗುವ ಜಾಗವೇ ನಿಮ್ಮನ್ನು ಮತ್ತೆ ದಾರಿಗೆ ಹಚ್ಚುತ್ತದೆ. ಒಂದು ತೊಡಕಿದೆ: ನಮ್ಮ ಕೈ ಒಂದನೆಯ ಮಾತ್ರೆಗೆ ಬೀಳುತ್ತದೆ, ಜಾಝ್ ಡ್ರಮ್ಮರ ಎಡಗಾಲಿನಿಂದ ಬಡಿಯುವ ಜೋಡಿ ತಾಳ, ಅಂದರೆ ಹೈಹ್ಯಾಟ್, ಎರಡು ಮತ್ತು ನಾಲ್ಕನೆಯ ಮಾತ್ರೆಗೆ ಬೀಳುತ್ತದೆ. ಒಂದೆರಡು ವಾರದಲ್ಲಿ ಇದು ರೂಢಿಯಾಗುತ್ತದೆ.

ಇದೇ ರೆಕಾರ್ಡಿನಿಂದ ನನಗೊಮ್ಮೆ ಪೇಚಾಟವೂ ಆಯಿತು. ಹಾರ್ಮೋನಿಯಂ ನುಡಿಸುವ ಗೆಳೆಯನೊಬ್ಬನಿಗೆ ನನ್ನ ಹಳೆಯ ಎಲ್‌ಪಿ ಹಚ್ಚಿ, ‘ಬಿಳಿ ಎರಡರಾಗ ಕಾಫಿ ಅದ, ನೋಡು’ ಎಂದು ಜಂಬದಿಂದ ಹೇಳಿದೆ. ಅವನು ಪೆಟ್ಟಿಗೆ ತೆರೆದು ಎರಡು ಮನೆ ಒತ್ತಿ ನೋಡಿ, ‘ಎಲ್ಲಿ ಬಿಳಿ ಎರಡೋ ಮಾರಾಯಾ, ಇಂವ ಬಿಳಿ ಎರಡಕ್ಕೂ ಇಲ್ಲ, ಕಪ್ಪು ಎರಡಕ್ಕೂ ಇಲ್ಲ’ ಎಂದ. ನಾನು ಪ್ಲೇಯರಿನ ಬೆಲ್ಟ್ ಸರಿಯಿಲ್ಲ ಎಂದುಕೊಂಡೆ. ಆದರೆ ಬದಿ ತಿರುಗಿಸಿ ‘ಆಲ್ ಬ್ಲೂಸ್’ ಹಚ್ಚಿದರೆ ಅದು ಬಿಳಿ ಐದಕ್ಕೆ ತಪ್ಪದೆ ಕೂತಿತು. ಕಾರಣ ಆಮೇಲೆ ಓದಿ ತಿಳಿಯಿತು. ಮೊದಲ ಬದಿಯ ಮೂರೂ ರಚನೆಗಳು 1959ರ ಮಾರ್ಚ್ 2ರಂದು ಮುದ್ರಿತವಾದವು. ಮೂಲ ಪ್ರತಿ ಹಿಡಿದ ಟೇಪ್ ಯಂತ್ರ ಅಂದು ತುಸು ನಿಧಾನವಾಗಿ ಓಡಿತ್ತು, ಹಾಗೆ ಹಿಡಿದ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಶ್ರುತಿ ಏರಿತು. ಎರಡನೆಯ ಬದಿ ಏಪ್ರಿಲ್ 22ರದ್ದು, ಅದಕ್ಕೆ ಈ ದೋಷವಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೋಕವೆಲ್ಲ ಏರಿದ ಶ್ರುತಿಯನ್ನೇ ಕೇಳಿತು. 1990ರ ದಶಕದ ಮರುಮುದ್ರಣದಲ್ಲಿ ಸರಿಪಡಿಸಿದರು. ಗೆಳೆಯ ಈಗಲೂ ಈ ಸಂಗತಿಯನ್ನು ನಾಲ್ಕು ಜನರ ಮುಂದೆ ಎತ್ತುತ್ತಾನೆ.

ಎರಡನೆಯದಾಗಿ ಪಿಯಾನೋವಾದಕ ಡೇವ್ ಬ್ರೂಬೆಕ್ ಅವರ ‘ಟೈಮ್ ಔಟ್’, ಅದೂ 1959ರದ್ದೇ. ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಸಿನಿಮಾ ರೆಕಾರ್ಡುಗಳ ನಡುವೆ ನಲವತ್ತು ರೂಪಾಯಿಗೆ ಸಿಕ್ಕ ಇದೇ ನನ್ನ ಮೊದಲ ಜಾಝ್ ಎಲ್‌ಪಿ. ಅದರಲ್ಲಿ ಪಾಲ್ ಡೆಸ್ಮಂಡ್ ರಚಿಸಿದ ‘ಟೇಕ್ ಫೈವ್’ ಐದು ಮಾತ್ರೆಯದು. ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ತಂದೆಯವರು ಬೆರಳು ಮಡಿಚುತ್ತ ಹೊರಬಂದು, ‘ಝಪತಾಲದ ಅರ್ಧ ಆತು ಇದು, ಆದರ ತಿರುವಿ ಹಾಕ್ಯಾನ’ ಎಂದಿದ್ದರು. ನಮ್ಮ ಝಪತಾಲ ಎರಡು-ಮೂರು, ಎರಡು-ಮೂರು ಎಂದು ನಡೆದರೆ, ಇದು ಮೂರು-ಎರಡು ಎಂದು ನಡೆಯುತ್ತದೆ. ಜಾಝ್ ಬಗ್ಗೆ ಅವರು ಒಳ್ಳೆಯ ಮಾತಾಡಿದ್ದು ಅದೊಂದೇ ಸಲ.

ಕಂಠದ ಕಡೆ ಒಲವಿದ್ದರೆ ಎಲಾ ಫಿಟ್ಜ್‌ಜೆರಾಲ್ಡ್ ಅವರ 1960ರ ಬರ್ಲಿನ್ ಕಛೇರಿಯ ರೆಕಾರ್ಡು ಕೇಳಿ. ‘ಮ್ಯಾಕ್ ದ ನೈಫ್’ ಹಾಡುತ್ತಿದ್ದಾಗ ಸಾಹಿತ್ಯ ಮರೆತುಹೋಗಿ, ಹಾಡು ನಿಲ್ಲಿಸದೆ, ಮರೆತೆ ಎಂಬುದನ್ನೇ ಲಯಕ್ಕೆ ಕೂಡಿಸಿ ಹಾಡಿಬಿಡುತ್ತಾರೆ. ಹಾಡಿನ ಬೋಲ್ ಮರೆತು ಬರೀ ‘ಆ’ಕಾರದ ತಾನಿಗೆ ಜಾರಿದ ಗಾಯಕರನ್ನು ನಾವೂ ನೋಡಿದ್ದೇವೆ, ಆದರೆ ಇಷ್ಟು ಸಂತೋಷದಿಂದ ಜಾರಿದವರು ಕಡಿಮೆ. ಪಿಯಾನೋವಾದಕ ಥೆಲೋನಿಯಸ್ ಮಂಕ್ ಸದ್ಯಕ್ಕೆ ಬೇಡ. ಹತ್ತು ವರ್ಷವಾದರೂ ‘ಬ್ರಿಲಿಯಂಟ್ ಕಾರ್ನರ್ಸ್’ ನನಗೆ ಪೂರ್ತಿ ದಕ್ಕಿಲ್ಲ. ಅದರ ಶೀರ್ಷಿಕೆ ರಚನೆಯನ್ನು ನುಡಿಸುವವರೇ ಇಪ್ಪತ್ತೈದು ಸಲ ಯತ್ನಿಸಿ ಒಮ್ಮೆಯೂ ಮುಗಿಸಲಾರದೆ, ಕೊನೆಗೆ ತುಂಡುಗಳನ್ನು ಜೋಡಿಸಿದರೆಂದು ಓದಿದ ಮೇಲೆ ನನಗೆ ಸಮಾಧಾನವಾಯಿತು.

ಇದಕ್ಕೆಲ್ಲ ರೆಕಾರ್ಡೇ ಬೇಕೆಂದಿಲ್ಲ, ಮೊದಲಿಗೆ ಫೋನ್ ಸಾಕು. ನನಗೆ ಎಲ್‌ಪಿ ಬೇಕಾದದ್ದು ಬದಿಯೊಂದಕ್ಕೆ ಇಪ್ಪತ್ತು ನಿಮಿಷದ ಸುಮಾರು ಅದು ನನ್ನನ್ನು ಕೂಡಿಸಿಡುತ್ತದೆ ಎಂಬ ಕಾರಣಕ್ಕೆ. ‘ಕೈಂಡ್ ಆಫ್ ಬ್ಲೂ’ದ ಶ್ರುತಿ ಸರಿಪಡಿಸಿದ ಆವೃತ್ತಿ ಫೋನಿನಲ್ಲಿ ಸುಲಭವಾಗಿ ಸಿಗುತ್ತದೆ, ಹಾರ್ಮೋನಿಯಂನವರ ಮುಂದೆ ಮಾನವೂ ಉಳಿಯುತ್ತದೆ. ಆದರೆ ಹೆಡ್‌ಫೋನ್ ಮಾತ್ರ ಹಾಕಿಕೊಳ್ಳಿ. ಫೋನಿನ ಸಣ್ಣ ಸ್ಪೀಕರಿನಿಂದ ಬಾಸ್ ಹೊರಡುವುದೇ ಇಲ್ಲ. ‘ಸೋ ವಾಟ್’ನಲ್ಲಿ ಮುಖಡಾ ಇರುವುದು ಬಾಸಿನ ಕೈಯಲ್ಲೇ, ಅದು ಕೇಳದಿದ್ದರೆ ಉಳಿದವರು ಯಾರಿಗೆ ಉತ್ತರ ಕೊಡುತ್ತಿದ್ದಾರೆಂದು ತಿಳಿಯದೆ ನೀವು ಎರಡನೆಯ ಆವರ್ತನಕ್ಕೇ ಎಣಿಕೆ ಬಿಟ್ಟುಬಿಡುತ್ತೀರಿ.