ಐದಕ್ಕೆ ಐದೂ ಗೆದ್ದವನಿಗೆ ಮೂರನೇ ಸ್ಥಾನ

ಓದುಗರ ಪತ್ರ: ಮೊದಲ ಸ್ಪೀಡ್‌ವೇ (ಮಣ್ಣಿನ ಟ್ರ್ಯಾಕ್ ಮೇಲಿನ ಬೈಕ್ ರೇಸ್) ವಿಶ್ವ ಚಾಂಪಿಯನ್ ಲಯನೆಲ್ ವ್ಯಾನ್ ಪ್ರಾಗ್ ಎಂದು ಬರೆದಿದ್ದೀರಿ. ಆದರೆ 1936ರ ಆ ಫೈನಲ್‌ನಲ್ಲಿ ಬ್ಲೂಯಿ ವಿಲ್ಕಿನ್ಸನ್ ಒಂದು ರೇಸನ್ನೂ ಸೋಲಲಿಲ್ಲವಂತೆ. ಮತ್ತೆ ಪಟ್ಟ ಯಾಕೆ ಸಿಗಲಿಲ್ಲ? ಆಮೇಲೆ ಅವನು ಏನಾದ?

ಸಂಪಾದಕರ ಉತ್ತರ: ನೀವು ಕೇಳಿದ್ದು ನಿಜ. ಲಂಡನ್ನಿನ ವೆಂಬ್ಲಿಯಲ್ಲಿ ಆ ರಾತ್ರಿ ವಿಲ್ಕಿನ್ಸನ್ ಐದು ರೇಸ್ ಓಡಿಸಿದ, ಐದನ್ನೂ ಗೆದ್ದ. ಗೆಲುವಿಗೆ 3 ಅಂಕದಂತೆ 15. ವ್ಯಾನ್ ಪ್ರಾಗ್‌ಗೆ 14, ಎರಿಕ್ ಲ್ಯಾಂಗ್ಟನ್‌ಗೆ 13. ಇಷ್ಟಕ್ಕೇ ಬಿಟ್ಟಿದ್ದರೆ ತಕರಾರೇ ಇರುತ್ತಿರಲಿಲ್ಲ. ಆದರೆ ಹಿಂದಿನ ಸುತ್ತುಗಳ ಬೋನಸ್ ಅಂಕವನ್ನೂ ಕೂಡಿಸುವ ನಿಯಮವಿತ್ತು. ವ್ಯಾನ್ ಪ್ರಾಗ್ 12, ಲ್ಯಾಂಗ್ಟನ್ 13, ವಿಲ್ಕಿನ್ಸನ್ ಬರೀ 10 ತಂದಿದ್ದರು. ಒಟ್ಟು 26, 26, 25. ಒಂದೇ ಅಂಕದಿಂದ ವಿಲ್ಕಿನ್ಸನ್ ಹೊರಬಿದ್ದ. ಉಳಿದಿಬ್ಬರ ನಡುವೆ ಇನ್ನೊಂದು ರೇಸ್ ನಡೆದು, ಕೊನೆಯ ತಿರುವಿನಲ್ಲಿ ನುಗ್ಗಿದ ವ್ಯಾನ್ ಪ್ರಾಗ್ ಗೆದ್ದ. ಅವನ ಗೆಲುವನ್ನು ಹಗುರ ಮಾಡುತ್ತಿಲ್ಲ. ಆದರೆ ಆ ನಿಯಮ ಅನ್ಯಾಯದ್ದು. ಫೈನಲ್ ಅಂದ ಮೇಲೆ ಆ ದಿನ ಗೆದ್ದವನೇ ಗೆಲ್ಲಬೇಕು, ಅಲ್ವಾ?

ವಿಲ್ಕಿನ್ಸನ್ ಆಸ್ಟ್ರೇಲಿಯಾದ ಬ್ಯಾಥರ್ಸ್ಟ್ ಕಡೆಯ ಹುಡುಗ. ಇಂಗ್ಲೆಂಡಿನಲ್ಲಿ ವೆಸ್ಟ್ ಹ್ಯಾಮ್ ತಂಡದವನು. ಅವನ ನಿಜವಾದ ತಾಕತ್ತು ಕಂಡದ್ದು 1938ರಲ್ಲಿ. ಫೈನಲ್‌ನ ಹಿಂದಿನ ರಾತ್ರಿ ಬಿದ್ದು ಕಾಲರ್ ಬೋನ್ ಮುರಿದುಕೊಂಡ. ಸ್ಪೀಡ್‌ವೇ ಬೈಕಿಗೆ ಬ್ರೇಕ್ ಇಲ್ಲ, ಗೇರ್ ಒಂದೇ. ಎಡ ಬೂಟಿಗೆ ಉಕ್ಕಿನ ತಗಡು ಕಟ್ಟಿ, ಆ ಕಾಲನ್ನು ನೆಲಕ್ಕೆ ಒರೆಸುತ್ತಾ, ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ ತಿರುವು ದಾಟಬೇಕು. ಆಗ ಹ್ಯಾಂಡಲ್‌ನ ಎಳೆತವೆಲ್ಲ ಬೀಳುವುದು ತೋಳು, ಭುಜದ ಮೇಲೆ. ಒಂದೊಂದು ರೇಸಿಗೆ ನಾಲ್ಕು ಸುತ್ತು, ಅಂಥ ಐದು ರೇಸ್. ಗಟ್ಟಿಯಾಗಿ ಪಟ್ಟಿ ಬಿಗಿಸಿಕೊಂಡ ಭುಜದಲ್ಲೇ ಓಡಿಸಿದ. ಹಿಂದಿನ ವರ್ಷದ ಚಾಂಪಿಯನ್, ಅಮೆರಿಕದ ಜ್ಯಾಕ್ ಮಿಲ್ನ್‌ನನ್ನು ಹಿಂದೆ ಹಾಕಿ ವಿಶ್ವ ಚಾಂಪಿಯನ್ ಆದ. ಆಗಲೂ ಬೋನಸ್ ಅಂಕದ ಲೆಕ್ಕ ಇದ್ದೇ ಇತ್ತು!

ಪಟ್ಟ ಸಿಕ್ಕ ಮೇಲೆ ರೇಸ್ ಬಿಟ್ಟ. ಶೆಫೀಲ್ಡ್‌ನಲ್ಲಿ ಸ್ಪೀಡ್‌ವೇ ನಡೆಸುವ ಕೆಲಸಕ್ಕೆ ಇಳಿದ. 1939ರಲ್ಲಿ ಯುದ್ಧ ಶುರುವಾಗಿ ಆ ವರ್ಷದ ಫೈನಲ್ ನಡೆಯಲೇ ಇಲ್ಲ. ಅವನು ಊರಿಗೆ ಮರಳಿದ. 1940ರ ಜುಲೈನಲ್ಲಿ ಸಿಡ್ನಿಯ ರಸ್ತೆಯೊಂದರಲ್ಲಿ ಬೈಕ್ ಅಪಘಾತವಾಗಿ ತೀರಿಕೊಂಡ. ಆಗ ಅವನಿಗೆ 28 ವರ್ಷ. ಯುದ್ಧ ಮುಗಿದು 1949ರಲ್ಲಿ ವೆಂಬ್ಲಿಯಲ್ಲಿ ಮತ್ತೆ ವಿಶ್ವ ಫೈನಲ್ ನಡೆಯುವವರೆಗೂ ಕೊನೆಯ ಚಾಂಪಿಯನ್ ಎಂದು ಉಳಿದದ್ದು ಅವನ ಹೆಸರೇ.