ತಪ್ಪಿದ ರೀಡಿಂಗ್ ಅಳಿಸಬೇಡಿ, ಅದನ್ನೇ ತೋರಿಸಿ

ಸವಣೂರು ಕಡೆಯ ಹಳ್ಳಿಯಿಂದ ಬಂದು ಹುಬ್ಬಳ್ಳಿಯಲ್ಲಿ ಬಿಎಸ್‌ಸಿ ಎರಡನೇ ಸೆಮಿಸ್ಟರ್ ಓದುತ್ತಿದ್ದೇನೆ, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ ಎಂದು ಬರೆದಿದ್ದೀರಿ. ಪರ್ಮ್ಯಾಂಗನೇಟ್ ಟೈಟ್ರೇಷನ್ (ಫ್ಲಾಸ್ಕಿನ ಬಿಸಿ ಆಕ್ಸಾಲಿಕ್ ಆ್ಯಸಿಡಿಗೆ ಬ್ಯೂರೆಟ್ ಎಂಬ ಅಳತೆ ಕೊಳವೆಯಿಂದ ಪರ್ಮ್ಯಾಂಗನೇಟ್ ಹನಿಸಿ, ಅದರ ಬಣ್ಣ ನಿಲ್ಲುವವರೆಗೆ ಎಷ್ಟು ಮಿಲಿಲೀಟರ್ ಹಿಡಿಯಿತು ಎಂದು ಓದುವುದು) ಮೂರು ಸಲ ಮಾಡಿದರೆ ಮೂರು ಬೇರೆ ರೀಡಿಂಗ್ ಬರುತ್ತವೆ, ಒಮ್ಮೊಮ್ಮೆ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಗಣಿತದ ಅಸೈನ್‌ಮೆಂಟಿನಲ್ಲಿ ಅನಂತ ಶ್ರೇಣಿಯ ಲೆಕ್ಕಗಳು ತಲೆಗೆ ಹತ್ತುತ್ತಿಲ್ಲ. ರೊಕ್ಕ ಕೊಟ್ಟರೆ ಜರ್ನಲ್ಲು, ಅಸೈನ್‌ಮೆಂಟು ಎರಡನ್ನೂ ಬರೆದುಕೊಡುವವರು ಸಿಕ್ಕಿದ್ದಾರೆ, ಕೊಡಲೇ ಎಂದು ಕೇಳಿದ್ದೀರಿ.

ಕೊಡಬೇಡಿ. ನಾನು ರೊಕ್ಕ ಕೊಟ್ಟಿರಲಿಲ್ಲ, ಆದರೆ ಮಾಡಿದ್ದು ಅದನ್ನೇ. ನಾನು ಗದಗ ತಾಲೂಕಿನ ಹಳ್ಳಿಯವನು, ಓದಿದ್ದು ಧಾರವಾಡದಲ್ಲಿ, ಈಗ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಮೊದಲ ವರ್ಷ ನನಗೂ ಪರ್ಮ್ಯಾಂಗನೇಟ್ ಒಲಿಯಲಿಲ್ಲ. ಗೆಳೆಯನಿಗೆ 9.8, 9.8, 9.8 ಬಂದಿತ್ತು. ನನ್ನ 10.4, 11.2ನ್ನು ಹೊಡೆದುಹಾಕಿ ಅವನದನ್ನೇ ಜರ್ನಲ್ಲಿಗೆ ಇಳಿಸಿದೆ. ಸಹಿ ಬಿತ್ತು. ಪರೀಕ್ಷೆಯ ದಿನ ಅದೇ ಪ್ರಯೋಗ ಬಂತು. ಹೊರಗಿನಿಂದ ಬಂದ ಪರೀಕ್ಷಕರ ಎದುರಿಗೆ ನಿಂತಿದ್ದಾಗಲೇ ಫ್ಲಾಸ್ಕಿನೊಳಗೆ ಚಹಾದ ಗಸಿ ಕದಡಿದಂತೆ ಕಂದು ರಾಡಿ ಎದ್ದಿತು. ಯಾಕೆ ಹೀಗಾಯಿತು ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಫ್ಲಾಸ್ಕು ತೊಳೆಯುತ್ತಿದ್ದ ಲ್ಯಾಬ್ ಅಟೆಂಡರ್ ಕಾಕಾ ಹೇಳಿದರು: "ಆ್ಯಸಿಡ್ ಕಡಿಮಿ ಹಾಕೀಯಲ್ಲೋ ತಮ್ಮಾ. ಬಣ್ಣಾನ ಹೇಳತೈತಿ. ವರ್ಷಾನಗಟ್ಟಲೆ ಇಲ್ಲೇ ಇದ್ದೆನಲ್ಲಾ, ಒಂದ್ ಮಾತು ಯಾಕ ಕೇಳಲಿಲ್ಲ?" ಕೇಳಬೇಕೆಂದರೂ ತೋರಿಸಲು ಏನೂ ಉಳಿದಿರಲಿಲ್ಲ. ತಪ್ಪಿದ್ದನ್ನೆಲ್ಲ ಅಳಿಸಿದ್ದೆ.

ನಿಮ್ಮ ಕಂದು ಬಣ್ಣಕ್ಕೂ ಬಹುತೇಕ ಅದೇ ಕಾರಣ. ಫ್ಲಾಸ್ಕಿನಲ್ಲಿ ನೀರು ಬೆರೆಸಿದ (ಡೈಲ್ಯೂಟ್) ಸಲ್ಫ್ಯೂರಿಕ್ ಆ್ಯಸಿಡ್ ಸಾಕಷ್ಟಿದ್ದರೆ ಪರ್ಮ್ಯಾಂಗನೇಟ್ ಅಯಾನು 5 ಎಲೆಕ್ಟ್ರಾನ್ ತೆಗೆದುಕೊಂಡು ಹೆಚ್ಚುಕಡಿಮೆ ಬಣ್ಣವೇ ಇಲ್ಲದ ಮ್ಯಾಂಗನಸ್ ಅಯಾನು ಆಗುತ್ತದೆ. ಆ್ಯಸಿಡ್ ಸಾಲದಿದ್ದರೆ 3 ಎಲೆಕ್ಟ್ರಾನಿಗೇ ನಿಂತುಬಿಡುತ್ತದೆ, ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಉಳಿಯುತ್ತದೆ. ಅಷ್ಟೇ ಆಕ್ಸಾಲಿಕ್ ಆ್ಯಸಿಡಿಗೆ ಆಗ ಹೆಚ್ಚು ಪರ್ಮ್ಯಾಂಗನೇಟ್ ಬೇಕು, ರೀಡಿಂಗ್ ಏರುತ್ತದೆ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಹಾಕಿದರೂ ಏರುತ್ತದೆ, ಏಕೆಂದರೆ ಕ್ಲೋರೈಡ್ ಕೂಡ ಪರ್ಮ್ಯಾಂಗನೇಟನ್ನು ತಿನ್ನುತ್ತದೆ. ನೈಟ್ರಿಕ್ ಹಾಕಿದರೆ ಇಳಿಯುತ್ತದೆ, ಅದು ತಾನೇ ಆಕ್ಸಿಡೀಕರಣ ಮಾಡುತ್ತದೆ. ಕುದಿಯುವಷ್ಟು ಕಾಯಿಸಿದರೂ ಇಳಿಯುತ್ತದೆ, ಆಕ್ಸಾಲಿಕ್ ಆ್ಯಸಿಡ್ ಒಡೆದುಹೋಗುತ್ತದೆ. 60-70 ಡಿಗ್ರಿ ಸಾಕು. ಬ್ಯೂರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆ ಉಳಿದಿದ್ದು ನಡುವೆ ಹೊರಬಿದ್ದರೆ, ಫ್ಲಾಸ್ಕನ್ನು ಡಿಸ್ಟಿಲ್ಡ್ ನೀರಿನ ಬದಲು ಆಕ್ಸಾಲಿಕ್‌ನಿಂದಲೇ ತೊಳೆದರೆ, ಆಕ್ಸಾಲಿಕ್ ಅಳೆದು ಹಾಕುವ ಪಿಪೆಟ್ಟಿನ ಕೊನೆಯ ಹನಿಯನ್ನು ಊದಿದರೆ, ಮೂರರಲ್ಲೂ ರೀಡಿಂಗ್ ಏರುತ್ತದೆ. ಅಂದರೆ ರೀಡಿಂಗ್ ಯಾವ ಕಡೆಗೆ ತಪ್ಪಿದೆ ಎನ್ನುವುದೇ ಎಲ್ಲಿ ತಪ್ಪಿದೆ ಎನ್ನುವುದರ ಸುಳಿವು. ಅದಕ್ಕೇ ಅಳಿಸಬೇಡಿ ಅನ್ನುತ್ತಿರುವುದು.

ಮೊದಲ ಹನಿಗಳ ಬಣ್ಣ ಬೇಗ ಹೋಗುವುದಿಲ್ಲ ಎಂದು ಅಂಜಬೇಡಿ. ಹುಟ್ಟುವ ಮ್ಯಾಂಗನಸ್ ಅಯಾನೇ ಮುಂದಿನ ಕ್ರಿಯೆಗೆ ವೇಗ ಕೊಡುತ್ತದೆ, ಆಮೇಲೆ ಹನಿ ಬಿದ್ದದ್ದೇ ಮಾಯ. ಇನ್ನೊಂದು ಮಾತು, ಬ್ಯೂರೆಟ್ಟಿನಲ್ಲಿ ಪರ್ಮ್ಯಾಂಗನೇಟ್ ಇದ್ದಾಗ ಮೇಲಿನ ಅಂಚನ್ನು ಓದಬೇಕು. ಬಣ್ಣ ಗಾಢವಾದ್ದರಿಂದ ಕೆಳಗಿನ ಬಾಗು ಕಾಣುವುದಿಲ್ಲ.

ಇನ್ನು ಯಾರನ್ನು ಕೇಳುವುದು? ನಿಮ್ಮ ಲ್ಯಾಬಿನಲ್ಲಿಯೂ ಒಬ್ಬ ಅಟೆಂಡರ್ ಇದ್ದೇ ಇರುತ್ತಾರೆ, ಮೊದಲು ಅವರನ್ನು ಕೇಳಿ. ಆಮೇಲೆ ಸರ್ ಅಥವಾ ಮೇಡಂ. ಆದರೆ ಅದೇ ದಿನ, ರಫ್ ಹಾಳೆಯೊಂದಿಗೆ ಹೋಗಿ. "ಸರ್, ಟೈಟ್ರೇಷನ್ ತಿಳಿಯವಲ್ದು" ಅಂದರೆ ಅವರು ಎಲ್ಲಿಂದ ಶುರುಮಾಡಬೇಕು? "ಸರ್, 10.4 ಬಂತು, ಎರಡನೇ ಸಲ 11.2, ಎರಡನೆಯದರಾಗ ಕಂದು ಆತು" ಅಂದರೆ ಎರಡೇ ನಿಮಿಷದ ಮಾತು. ಇಂಗ್ಲಿಷ್ ಬರುವುದಿಲ್ಲ ಎಂಬ ಅಂಜಿಕೆ ನನ್ನನ್ನೂ ಒಂದು ವರ್ಷ ಬಾಯಿ ಕಟ್ಟಿ ಕೂರಿಸಿತ್ತು. ನಮ್ಮ ಭಾಗದ ಮೇಷ್ಟ್ರುಗಳಲ್ಲಿ ಎಷ್ಟೋ ಜನ ನಮ್ಮ ಹಾಗೆಯೇ ಕನ್ನಡ ಶಾಲೆಯಿಂದ ಬಂದವರು. ಕನ್ನಡದಲ್ಲೇ ಕೇಳಿ.

ನನ್ನ ಬಾಯಿ ತೆರೆಸಿದ್ದು ನಮ್ಮೂರ ಬೋರ್‌ವೆಲ್ ನೀರು. ಆ ನೀರಲ್ಲಿ ಬ್ಯಾಳಿ ಬೇಯುವುದಿಲ್ಲ ಎಂದು ಅವ್ವ ದಿನವೂ ಗೊಣಗುತ್ತಿದ್ದಳು. ಎರಡನೇ ವರ್ಷ ನೀರಿನ ಗಡಸುತನ ಅಳೆಯುವ ಇಡಿಟಿಎ ಪ್ರಯೋಗ ಬಂದಾಗ ಒಂದು ಬಾಟಲಿ ನೀರು ಹೊತ್ತುಕೊಂಡು ಹೋದೆ. ಪಿಎಚ್ 10ರ ಬಫರ್, ಬಣ್ಣದ ಸೂಚಕ ಎರಿಯೋಕ್ರೋಮ್ ಬ್ಲ್ಯಾಕ್ ಟಿ, ದ್ರಾಕ್ಷಾರಸದ ಕೆಂಪಿನಿಂದ ಥಟ್ಟನೆ ನೀಲಿ. 50 ಮಿಲಿಲೀಟರ್ ನೀರಿಗೆ 0.01 ಮೋಲಾರ್ ಇಡಿಟಿಎ 22 ಮಿಲಿಲೀಟರ್ ಹಿಡಿಯಿತು. ಅದರ ಒಂದು ಮಿಲಿಲೀಟರ್ ಎಂದರೆ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್, ಹಾಗಾಗಿ ಗಡಸುತನ ಲೀಟರಿಗೆ 440 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 200, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಆ ಲೆಕ್ಕ ಹಿಡಿದು ಸರ್ ಹತ್ತಿರ ಹೋದೆ. ಊಟದ ಬಿಡುವು ಮುಗಿಯುವವರೆಗೂ ಮಾತಾಡಿದರು. ಅಂದಿನಿಂದ ಸ್ಟಾಫ್ ರೂಮಿನ ಬಾಗಿಲು ನನಗೆ ಭಾರ ಅನಿಸಲಿಲ್ಲ. ನೀವೂ ನಿಮ್ಮೂರ ನೀರು ತನ್ನಿ.

ಗಣಿತಕ್ಕೆ ಬರೋಣ. ಶ್ರೇಣಿಗಳಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಪದಗಳು ಸೊನ್ನೆಯತ್ತ ಹೋಗುತ್ತವೆ, ಆದ್ದರಿಂದ ಮೊತ್ತ ಎಲ್ಲೋ ನಿಲ್ಲುತ್ತದೆ ಎಂದು ಬರೆದುಬಿಡುತ್ತಾರೆ. 1 + 1/2 + 1/3 + 1/4 ಹೀಗೆ ಕೂಡಿಸುತ್ತ ಹೋಗಿ. ಹತ್ತು ಲಕ್ಷ ಪದ ಕೂಡಿಸಿದರೂ ಮೊತ್ತ 15 ಮುಟ್ಟುವುದಿಲ್ಲ. ನಿಂತಿತು ಅನ್ನಿಸುತ್ತದೆ, ಆದರೆ ನಿಲ್ಲುವುದಿಲ್ಲ. 1/3 + 1/4 ಅರ್ಧಕ್ಕಿಂತ ಹೆಚ್ಚು, ಏಕೆಂದರೆ ಎರಡು 1/4 ಸೇರಿದರೇ ಅರ್ಧ. 1/5ರಿಂದ 1/8ರವರೆಗಿನ ನಾಲ್ಕೂ ಸೇರಿ ಮತ್ತೆ ಅರ್ಧಕ್ಕಿಂತ ಹೆಚ್ಚು. ಮುಂದಿನ ಎಂಟು, ಆಮೇಲಿನ ಹದಿನಾರು, ಪ್ರತಿ ಗುಂಪೂ ಇನ್ನೊಂದು ಅರ್ಧ ಕೊಡುತ್ತಲೇ ಇರುತ್ತದೆ. 14ನೇ ಶತಮಾನದಲ್ಲೇ ಫ್ರಾನ್ಸಿನ ನಿಕೋಲ್ ಒರೇಮ್ ಇದನ್ನು ಹೀಗೆ ತೋರಿಸಿದ್ದ. ಅದೇ 1 + 1/4 + 1/9 + 1/16 ಎಂದು ವರ್ಗಗಳನ್ನು ಕೆಳಗಿಟ್ಟು ಕೂಡಿಸಿ, ಸುಮಾರು 1.645ರ ಹತ್ತಿರ ನಿಲ್ಲುತ್ತದೆ. ಈ ಎರಡನ್ನು ಕೈಯಾರೆ, ಕ್ಯಾಲ್ಕ್ಯುಲೇಟರ್ ಹಿಡಿದು ಇಪ್ಪತ್ತು ಪದದವರೆಗೆ ಬರೆಯಿರಿ. ನಿಮ್ಮ ಅಸೈನ್‌ಮೆಂಟಿನ ಲೆಕ್ಕ ಬಂದಾಗ "ಇದು ಯಾವುದರ ಬಳಗ?" ಎಂದು ಕೇಳಿಕೊಳ್ಳಿ, ಹೋಲಿಕೆಯ ಪರೀಕ್ಷೆ ಎಂದರೆ ಅದೇ. ಸಿಕ್ಕಿಕೊಂಡ ಸಾಲಿನ ಪಕ್ಕ ಒಂದು ಗೀಟು ಎಳೆದು, ಮೇಷ್ಟ್ರಿಗೆ ಆ ಸಾಲನ್ನಷ್ಟೇ ತೋರಿಸಿ.

ರೂಮಿನಲ್ಲಿ ಕೂತು ನೋಡಲು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠಗಳು ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್ ವೇಗವಾಗಿ ಅನ್ನಿಸಿದರೆ ನಿಧಾನ ಮಾಡಿಕೊಂಡು ಕೇಳಿ. ಮೊಬೈಲಿನ ಚಾಟ್ ಆ್ಯಪ್‌ಗಳಿಗೆ ಲೆಕ್ಕ ಕೊಟ್ಟರೆ ಉತ್ತರ ಕೊಡುತ್ತವೆ, ತಪ್ಪನ್ನೂ ಅಷ್ಟೇ ಧೈರ್ಯದಿಂದ ಕೊಡುತ್ತವೆ. ಒಂದೊಂದು ಹೆಜ್ಜೆಯನ್ನೂ ನೀವೇ ತಾಳೆ ನೋಡುವುದಾದರೆ ಮಾತ್ರ ಬಳಸಿ.

ಬರೆದುಕೊಡುವವರಿಗೆ ಕೊಡಬೇಕೆಂದಿದ್ದ ರೊಕ್ಕ ಊರಿನ ಬಸ್ಸಿಗೆ ಇಟ್ಟುಕೊಳ್ಳಿ. ಮುಂದಿನ ಲ್ಯಾಬ್ ಮುಗಿದ ಸಂಜೆ ಮೂರೂ ರೀಡಿಂಗ್, ಎಷ್ಟು ಆ್ಯಸಿಡ್ ಹಾಕಿದಿರಿ, ಎಷ್ಟು ಹೊತ್ತು ಕಾಯಿಸಿದಿರಿ, ಕಂದು ಬಂದದ್ದು ಎಷ್ಟನೇ ಮಿಲಿಲೀಟರಿಗೆ ಎಂದು ಇಲ್ಲೇ ಕೆಳಗೆ ಬರೆಯಿರಿ. ಹೊಡೆದುಹಾಕಿದ ಅಂಕಿಗಳನ್ನೂ ಸೇರಿಸಿ. ನಾನು ನೋಡುತ್ತೇನೆ.