ಮಳೆಗಾಲ ಕಳೆದ ಮೇಲೆ ಪ್ರೊಪೆಲ್ಲರ್ ಅದುರುತ್ತಿದ್ದರೆ
ಕಾರಣ ಬಹುಶಃ ತೇವ, ಎಂಜಿನ್ ಅಲ್ಲ. ತೀರ್ಥಹಳ್ಳಿಯ ಶೆಡ್ಡಿನಲ್ಲಿ ಮಳೆಗಾಲ ಪೂರ್ತಿ ನಿಂತಿದ್ದ ಮೈಕ್ರೋಲೈಟ್ (ಪುಟ್ಟ ಹಗುರ ವಿಮಾನ), ಅದರ ಮರದ ಪ್ರೊಪೆಲ್ಲರ್ ಈಗ ಅದುರುತ್ತಿದೆ, ಯಾಕೆ ಅಂತ ಕೇಳಿದ್ದೀರಿ. ಮಲೆನಾಡಿನ ಮಳೆಗೆ ಮರ ಉಬ್ಬಿ ಬೋಲ್ಟಿನ ಅಡಿಯಲ್ಲಿ ಅದುಮಿಕೊಳ್ಳುತ್ತದೆ. ಬಿಸಿಲಿಗೆ ಒಣಗಿದಾಗ ಕುಗ್ಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಸಾಗರ ಪಟ್ಟಣದಲ್ಲಿ ನಮಗೂ ಹೀಗೇ ಆಗಿತ್ತು.

ಮೊದಲು ಇಗ್ನಿಷನ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ಬಿಚ್ಚಿ. ಇದನ್ನು ದಯವಿಟ್ಟು ಬಿಡಬೇಡಿ, ಕೈಯೇ ಹೋಗಬಹುದು. ಬೋಲ್ಟಿನ ಸುತ್ತ ಬಿರುಕೋ ಸುಟ್ಟ ಕಲೆಯೋ ಕಂಡರೆ ಆ ಪ್ರೊಪೆಲ್ಲರ್ ಹಾಕಿ ಹಾರಲೇಬೇಡಿ. ಇಲ್ಲದಿದ್ದರೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸ್ಪ್ಯಾನರ್) ಹಿಡಿದು ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯಿರಿ. ಎಷ್ಟು ಅನ್ನೋದು ಪ್ರೊಪೆಲ್ಲರ್ ಕಂಪನಿಯ ಕೈಪಿಡಿಯಲ್ಲಿರುತ್ತದೆ. ಸುಮ್ನೆ ಅಂದಾಜಿಗೆ ಜಾಸ್ತಿ ಬಿಗಿದರೆ ಮರ ಜಜ್ಜಿಹೋಗುತ್ತದೆ.

ಆಮೇಲೆ ಚಕ್ರಕ್ಕೆ ಅಡ್ಡ ಕೊಟ್ಟು, ಒಂದು ಅಲಗಿನ ತುದಿಗೆ ತಾಗುವಂತೆ ಕಡ್ಡಿ ನಿಲ್ಲಿಸಿ ಕೈಯಲ್ಲಿ ತಿರುಗಿಸಿ. ಇನ್ನೊಂದು ತುದಿ ಬರುವ ಜಾಗಕ್ಕೂ ಇದಕ್ಕೂ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಅದೂ ಸರಿಯಿದ್ದು ಇನ್ನೂ ಅದುರಿದರೆ, ಶೆಡ್ಡಿನಲ್ಲಿದ್ದಾಗ ಅಲಗು ನೆಟ್ಟಗೆ, ಅಂದರೆ ಒಂದು ಮೇಲೆ ಒಂದು ಕೆಳಗೆ, ನಿಂತಿತ್ತಾ? ಹಾಗಿದ್ದರೆ ತೇವ ಕೆಳಗಿನ ಅಲಗಿಗೆ ಇಳಿದು ತೂಕ ತಪ್ಪಿರಬಹುದು. ನೋಡದೆ ಖಚಿತವಾಗಿ ಹೇಳಲಾರೆ. ಕೆಲವು ದಿನ ಪ್ರೊಪೆಲ್ಲರನ್ನು ಅಡ್ಡವಾಗಿ ನಿಲ್ಲಿಸಿ ಮತ್ತೆ ನೋಡಿ. ಎಂಜಿನ್ ಒಮ್ಮೆ ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ.